ತಕ್ಕಡಿಯ ತೂಕ, ಲೋಟದ ಅಳತೆ

ಹೆಚ್ಚಿದ ಕಾಯಿಪಲ್ಯದ ಲೆಕ್ಕವನ್ನು ಮನೆಯಲ್ಲಿಯೇ ತಿಳಿಯುವ ಬಗೆ

ಮದುವೆಯಾದ ಹೊಸದರಲ್ಲಿ ದಂಪತಿಗಳು ಕಲಿಯಬೇಕಾದ ವಿಷಯಗಳು ಹಲವು. ಮನೆಯ ಆದಾಯ ವೆಚ್ಚಗಳ ಲೆಕ್ಕ, ಮಕ್ಕಳ ನಡುವಣ ಅಂತರ, ತಾಯಿಯಾಗಲಿರುವವಳ ಆರೈಕೆ ಇವುಗಳನ್ನು ಕುರಿತು ಆರೋಗ್ಯ ಕಾರ್ಯಕರ್ತೆಯರು ನಿಮಗೆ ತಿಳಿಸಿರುತ್ತಾರೆ. ಆದರೆ ದಿನಕ್ಕೆ ಎರಡು ಸಲ ಒಲೆಯ ಮುಂದೆ ನಡೆಯುವ ಒಂದು ಲೆಕ್ಕದ ಕಡೆಗೆ ಮಾತ್ರ ಹೆಚ್ಚಿನವರ ಗಮನ ಹರಿಯುವುದಿಲ್ಲ. ಅದು ಕಾಯಿಪಲ್ಯದ ಲೆಕ್ಕ.

ಪೇಟೆಯಿಂದ ಕಾಯಿಪಲ್ಯವನ್ನು ತರುವವನು ಸಾಮಾನ್ಯವಾಗಿ ಪತಿ. ಅವನು ಅದನ್ನು ತೂಕದಿಂದ ತರುತ್ತಾನೆ: ಪಾವ ಕಿಲೋ ಬದನೆಕಾಯಿ, ಅರ್ಧ ಕಿಲೋ ಎಲೆಕೋಸು. ಅದನ್ನು ಅಡಿಗೆ ಮಾಡುವವಳು ಸಾಮಾನ್ಯವಾಗಿ ಪತ್ನಿ. ಅವಳು ಅದನ್ನು ಅಳತೆಯಿಂದ ಬಳಸುತ್ತಾಳೆ: ಒಂದು ಬಟ್ಟಲು, ಎರಡು ಹಿಡಿ, ಅರ್ಧ ಬುಟ್ಟಿ. ಆಸ್ಪತ್ರೆಯಲ್ಲಿ ವೈದ್ಯರು ಹೇಳುವುದು ಮತ್ತೆ ತೂಕದಲ್ಲಿ: ದಿನಕ್ಕೆ ಇಷ್ಟು ಗ್ರಾಂ ಸೊಪ್ಪು, ಇಷ್ಟು ಗ್ರಾಂ ತರಕಾರಿ. ಹೀಗೆ ಪೇಟೆಯದೊಂದು ಲೆಕ್ಕ, ಒಲೆಯದೊಂದು ಲೆಕ್ಕವಾದರೆ ಗರ್ಭಿಣಿಗೆ ಸಲ್ಲಬೇಕಾದ ಆಹಾರವು ನಿಜವಾಗಿ ಅವಳಿಗೆ ಸಂದಿತೋ ಇಲ್ಲವೋ ಎಂಬುದು ಯಾರಿಗೂ ತಿಳಿಯುವುದಿಲ್ಲ. ಈ ಎರಡು ಲೆಕ್ಕಗಳನ್ನು ಕೂಡಿಸುವ ಸುಲಭ ಕ್ರಮವನ್ನು ಈ ಪಾಠದಲ್ಲಿ ವಿವರಿಸಲಾಗಿದೆ. ಇದಕ್ಕೆ ಬೇಕಾಗುವುದು ಒಂದು ಲೋಟ, ಒಂದು ಲೀಟರಿನ ಬಾಟಲಿ ಮತ್ತು ಸ್ವಲ್ಪ ತಾಳ್ಮೆ ಮಾತ್ರ.

ತೂಕ ಬೇರೆ, ಅಳತೆ ಬೇರೆ

ಹಿಂದಿನ ಕಾಲದಲ್ಲಿ ನಮ್ಮ ಕಡೆಯಲ್ಲಿ ಸೇರು ಎಂಬ ಒಂದೇ ಹೆಸರು ತೂಕಕ್ಕೂ ಅಳತೆಗೂ ಸಲ್ಲುತ್ತಿತ್ತು. ತೂಕದ ಪಕ್ಕಾ ಸೇರು 80 ತೊಲೆ, ಅಂದರೆ ಸುಮಾರು 933 ಗ್ರಾಂ. ಕಾಳುಕಡಿಗಳನ್ನು ಅಳೆಯುವ ಸೇರಾದರೋ ಒಂದು ಪಾತ್ರೆ. ಹೆಸರು ಒಂದೇ ಆದರೂ ಸೇರು ಪಾತ್ರೆಯಲ್ಲಿ ತುಂಬಿದ ಜೋಳದ ತೂಕ ಬೇರೆ, ಅವಲಕ್ಕಿಯ ತೂಕ ಬೇರೆ. 1956ರಲ್ಲಿ ತೂಕ ಮತ್ತು ಅಳತೆಗಳ ಕಾಯಿದೆಯಾಗಿ, 1962ರ ವೇಳೆಗೆ ಕಿಲೋಗ್ರಾಂ ತೂಕವು ದೇಶದಲ್ಲೆಲ್ಲ ಕಡ್ಡಾಯವಾಯಿತು. ಈಗ ತೂಕಕ್ಕೆ ಗ್ರಾಂ, ಅಳತೆಗೆ ಮಿಲಿಲೀಟರ್ ಎಂಬ ಬೇರೆ ಬೇರೆ ಹೆಸರುಗಳಿವೆ. ಹೆಸರು ಬೇರೆಯಾದರೂ ಹಳೆಯ ಅಭ್ಯಾಸ ಉಳಿದಿದೆ. "ಒಂದು ಬಟ್ಟಲು ಪಲ್ಯ" ಎಂದರೆ ಯಾವ ಪಲ್ಯವಾದರೂ ಒಂದೇ ಎಂದು ನಾವು ತಿಳಿಯುತ್ತೇವೆ. ಇದು ಸರಿಯಲ್ಲ.

ನೀರೊಂದರಲ್ಲಿ ಮಾತ್ರ ಈ ಎರಡು ಲೆಕ್ಕಗಳು ಒಂದಾಗುತ್ತವೆ. 1 ಮಿಲಿಲೀಟರ್ ನೀರು 1 ಗ್ರಾಂ ತೂಗುತ್ತದೆ. 1 ಲೀಟರ್ ನೀರು 1 ಕಿಲೋ ತೂಗುತ್ತದೆ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಎಷ್ಟು ತಿನ್ನಬೇಕು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯ ಮಾದರಿ ಊಟದಲ್ಲಿ ಒಬ್ಬರಿಗೆ ದಿನಕ್ಕೆ 400 ಗ್ರಾಂ ತರಕಾರಿಯನ್ನು ಸೂಚಿಸಲಾಗಿದೆ. ಸೊಪ್ಪು ಇದರಲ್ಲಿ ಸೇರುತ್ತದೆ, ಬಟಾಟೆ ಸೇರುವುದಿಲ್ಲ. ಗರ್ಭಿಣಿಯು ದಿನಕ್ಕೆ 100 ಗ್ರಾಂ ಹಸಿರು ಸೊಪ್ಪನ್ನು ತಿನ್ನಬೇಕೆಂದು ಅದೇ ಸಂಸ್ಥೆಯು ಹಿಂದಿನಿಂದಲೂ ಹೇಳುತ್ತ ಬಂದಿದೆ. ಇವೆಲ್ಲ ಸೋಸಿ ಸ್ವಚ್ಛ ಮಾಡಿದ, ಬೇಯಿಸದ ಕಾಯಿಪಲ್ಯದ ತೂಕಗಳು ಎಂಬುದನ್ನು ಗಮನಿಸಿರಿ. ಬೇರು, ಸಿಪ್ಪೆ, ಬಲಿತ ದಂಟುಗಳ ತೂಕ ಇದರಲ್ಲಿಲ್ಲ.

ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಸ್ತ್ರೀಯರಲ್ಲಿ ಹೆಚ್ಚುಕಡಿಮೆ ಅರ್ಧ ಭಾಗದವರಿಗೆ ರಕ್ತಹೀನತೆ ಇರುವುದು 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕಂಡುಬಂದಿದೆ. ರಕ್ತಹೀನತೆಯುಳ್ಳ ತಾಯಿಗೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ಅಪಾಯ. ಅವಳ ಶಿಶುವು ಕಡಿಮೆ ತೂಕದಿಂದ ಹುಟ್ಟುವ ಸಂಭವ ಹೆಚ್ಚು. ಹಸಿರು ಸೊಪ್ಪುಗಳಲ್ಲಿ ಕಬ್ಬಿಣದ ಅಂಶವೂ ಫೋಲಿಕ್ ಆಮ್ಲವೂ ಇವೆ. ಶಿಶುವಿನ ಮೆದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನಾಳವು ಗರ್ಭಧಾರಣೆಯಾದ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳಬೇಕು. ಫೋಲಿಕ್ ಆಮ್ಲವು ಸಾಲದಾದರೆ ಅದು ಸರಿಯಾಗಿ ಮುಚ್ಚದಿರಬಹುದು. ಆ ವೇಳೆಗೆ ತಾನು ಗರ್ಭಿಣಿಯೆಂಬುದು ಎಷ್ಟೋ ಸ್ತ್ರೀಯರಿಗೆ ತಿಳಿದಿರುವುದೇ ಇಲ್ಲ. ಆದುದರಿಂದ ಆಹಾರದ ಲೆಕ್ಕವನ್ನು ಗರ್ಭ ನಿಂತ ಮೇಲೆ ಆರಂಭಿಸಿದರೆ ತಡವಾಗುತ್ತದೆ.

ಇದು ದೂರದ ಮಾತಲ್ಲ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯವು ಭಾಗವಹಿಸಿದ, ನಾಲ್ಕು ದೇಶಗಳಲ್ಲಿ ನಡೆದ ಒಂದು ಅಧ್ಯಯನದ ಫಲಿತಾಂಶವು 2019ರಲ್ಲಿ ಪ್ರಕಟವಾಯಿತು. ಬೆಳಗಾವಿ ಸೀಮೆಯ ಹಳ್ಳಿಗಳ ಸ್ತ್ರೀಯರೂ ಅದರಲ್ಲಿದ್ದರು. ಪೌಷ್ಟಿಕ ಪೂರಕ ಆಹಾರವನ್ನು ಪಡೆದ ತಾಯಂದಿರ ಶಿಶುಗಳು ಹುಟ್ಟುವಾಗ ಉಳಿದವರ ಶಿಶುಗಳಿಗಿಂತ ಉದ್ದವಾಗಿದ್ದವು. ಗರ್ಭಧಾರಣೆಗೆ 3 ತಿಂಗಳು ಮುಂಚೆಯೇ ಅದನ್ನು ತಿನ್ನಲಾರಂಭಿಸಿದವರೂ ಅವರಲ್ಲಿದ್ದರು. ಅಲ್ಲಿ ಕೊಟ್ಟದ್ದು ಕಾಯಿಪಲ್ಯವಲ್ಲ, ಸಿದ್ಧಪಡಿಸಿದ ಪೊಟ್ಟಣದ ಆಹಾರ. ಆದರೂ ತಾಯಿಯ ಊಟವು ಸರಿಹೋದರೆ ಶಿಶುವಿಗೂ ಒಳ್ಳೆಯದೆಂಬ ಪಾಠವು ನಮಗೆಲ್ಲರಿಗೂ ಅನ್ವಯಿಸುತ್ತದೆ.

ಮೊದಲು ನಿಮ್ಮ ಲೋಟವನ್ನು ಅಳೆಯಿರಿ

ಎಲ್ಲರ ಮನೆಯ ಲೋಟವೂ ಒಂದೇ ಅಳತೆಯದಲ್ಲ. ಖಾನಾಪುರದ ಮಣ್ಣು ಹೆಂಚಿಗೂ ಮಡಕೆಗೂ ಹೆಸರಾದುದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರ ಗ್ರಾಮೀಣ ಕುಂಬಾರಿಕೆ ಸಂಸ್ಥೆಯು ಅಲ್ಲಿಯೇ ಸ್ಥಾಪಿತವಾಯಿತು. ಒಬ್ಬನೇ ಕುಂಬಾರನ ಕೈಯಲ್ಲಿ ಆದ ಎರಡು ಕುಡಿಕೆಗಳು ಸಹ ಒಂದೇ ಅಳತೆಯವಾಗಿರುವುದಿಲ್ಲ ಎಂಬುದನ್ನು ನೀವು ನೋಡಿದ್ದೀರಿ. ಸ್ಟೀಲಿನ ವಾಟಗ, ಲೋಟಗಳಾದರೂ ಹಾಗೆಯೇ. ಅಂಗಡಿಯಿಂದ ಅಂಗಡಿಗೆ ವ್ಯತ್ಯಾಸವುಂಟು. ಆದುದರಿಂದ ಮನೆಯ ಒಂದು ಲೋಟವನ್ನು ಆರಿಸಿ, ಅದನ್ನೇ ಅಳತೆಗೆ ಮೀಸಲಾಗಿಡಿರಿ. ಅದು ಮೇಲಿಂದ ಕೆಳಗಿನವರೆಗೆ ಒಂದೇ ಅಗಲವಾಗಿದ್ದರೆ ಅರ್ಧ, ಕಾಲು ಎಂದು ಗುರುತಿಸಲು ಅನುಕೂಲ.

1 ಲೀಟರ್ ಎಂದು ಮುದ್ರಿಸಿರುವ ನೀರಿನ ಬಾಟಲಿಯನ್ನು ತುಂಬಿಸಿ, ಆ ನೀರನ್ನು ಲೋಟದಿಂದ ಲೋಟಕ್ಕೆ ಅಂಚಿನವರೆಗೆ ಅಳೆಯಿರಿ. ಸರಿಯಾಗಿ 5 ಲೋಟವಾದರೆ ನಿಮ್ಮ ಲೋಟ 200 ಮಿಲಿಲೀಟರಿನದು. 4 ಲೋಟವಾದರೆ 250 ಮಿಲಿಲೀಟರಿನದು. ಆರೂವರೆ ಲೋಟಕ್ಕಿಂತ ಸ್ವಲ್ಪ ಹೆಚ್ಚಾದರೆ 150 ಮಿಲಿಲೀಟರಿನದು. ಈ ಅಂಕಿಯನ್ನು ಅಡಿಗೆಮನೆಯ ಗೋಡೆಯ ಮೇಲೆ ಬರೆದಿಡುವುದು ಒಳ್ಳೆಯದು.

ಒಂದು ಲೋಟಕ್ಕೆ ಎಷ್ಟು ಗ್ರಾಂ?

ಸೋಸಿ, ತೊಳೆದು, ಹೆಚ್ಚಿದ ಕಾಯಿಪಲ್ಯವನ್ನು 200 ಮಿಲಿಲೀಟರಿನ ಲೋಟಕ್ಕೆ ತುಂಬಿ, ಒಮ್ಮೆ ಮೆಲ್ಲಗೆ ಅಲುಗಾಡಿಸಿ, ಒತ್ತದೆ, ಅಂಚಿಗೆ ಸಮಮಾಡಿದಾಗ ಬರುವ ತೂಕವು ಸುಮಾರಾಗಿ ಹೀಗಿರುತ್ತದೆ:

ಟೊಮೆಟೊ: 150 ಗ್ರಾಂ
ಉಳ್ಳಾಗಡ್ಡಿ: 130 ಗ್ರಾಂ
ಬಟಾಟೆ: 125 ಗ್ರಾಂ
ಗೆಣಸು: 110 ಗ್ರಾಂ
ಬೀಟ್‌ರೂಟ್: 110 ಗ್ರಾಂ
ಗಜ್ಜರಿ, ಹೋಳು: 105 ಗ್ರಾಂ
ಗಜ್ಜರಿ, ತುರಿದದ್ದು: 90 ಗ್ರಾಂ
ಕುಂಬಳಕಾಯಿ: 95 ಗ್ರಾಂ
ಮೂಲಂಗಿ: 95 ಗ್ರಾಂ
ಹೂಕೋಸು: 90 ಗ್ರಾಂ
ಬೆಂಡೆಕಾಯಿ: 85 ಗ್ರಾಂ
ಬೀನ್ಸ್: 85 ಗ್ರಾಂ
ಎಲೆಕೋಸು, ಸಣ್ಣ ಚೂರು: 75 ಗ್ರಾಂ
ಎಲೆಕೋಸು, ಎಳೆ ಎಳೆಯಾಗಿ ಹೆಚ್ಚಿದ್ದು: 60 ಗ್ರಾಂ
ಬದನೆಕಾಯಿ: 70 ಗ್ರಾಂ
ಪಾಲಕದಂಥ ಹಸಿ ಸೊಪ್ಪು, ಸಡಿಲವಾಗಿ ತುಂಬಿದ್ದು: 25 ಗ್ರಾಂ

ನಿಮ್ಮ ಲೋಟ 250 ಮಿಲಿಲೀಟರಿನದಾದರೆ ಈ ಅಂಕಿಗಳಿಗೆ ಅದರ ಕಾಲು ಭಾಗವನ್ನು ಕೂಡಿಸಿರಿ. 150 ಮಿಲಿಲೀಟರಿನದಾದರೆ ಕಾಲು ಭಾಗವನ್ನು ಕಳೆಯಿರಿ. ಉದಾಹರಣೆಗೆ, ಸಣ್ಣಗೆ ಹೆಚ್ಚಿದ ಎಲೆಕೋಸು ದೊಡ್ಡ ಲೋಟದಲ್ಲಿ ಸುಮಾರು 94 ಗ್ರಾಂ, ಸಣ್ಣ ಲೋಟದಲ್ಲಿ ಸುಮಾರು 56 ಗ್ರಾಂ ಆಗುತ್ತದೆ. ನಾಲ್ಕೈದು ಗ್ರಾಂ ಹೆಚ್ಚುಕಡಿಮೆಯಾದರೆ ಚಿಂತೆಯಿಲ್ಲ. ಇದು ಬಂಗಾರದ ತೂಕವಲ್ಲ.

ಈ ವ್ಯತ್ಯಾಸಕ್ಕೆ ಕಾರಣವೇನು?

ಟೊಮೆಟೊ 150 ಗ್ರಾಂ ತೂಗುವ ಲೋಟದಲ್ಲಿ ಸೊಪ್ಪು 25 ಗ್ರಾಂ ಮಾತ್ರ ಏಕೆ? ಇದನ್ನು ನೀವೇ ಪರೀಕ್ಷಿಸಿ ನೋಡಬಹುದು. ಲೋಟದ ತುಂಬ ಬಟಾಟೆಯ ಹೋಳುಗಳನ್ನು ಹಾಕಿರಿ. ಲೋಟ ತುಂಬಿತೆಂದು ಕಾಣುತ್ತದೆ. ಅದರ ಮೇಲೆ ನಿಧಾನವಾಗಿ ನೀರನ್ನು ಸುರಿಯಿರಿ. ಲೋಟದ ಮೂರರಲ್ಲೊಂದು ಪಾಲಿಗಿಂತಲೂ ಹೆಚ್ಚು ನೀರನ್ನು ಅದು ಇನ್ನೂ ಹಿಡಿಯುತ್ತದೆ. ಈ ನೀರು ಹೋಗಿ ಸೇರಿದ ಸ್ಥಳದಲ್ಲಿ ಮೊದಲು ಇದ್ದದ್ದು ಗಾಳಿ. ತುಂಬಿದ ಲೋಟವೆಂದು ನಾವು ಎಣಿಸಿದ್ದರಲ್ಲಿ ಅಷ್ಟು ಭಾಗ ಬರಿಯ ಗಾಳಿಯೇ ಆಗಿತ್ತು.

ಹೋಳುಗಳ ನಡುವೆ ಉಳಿಯುವ ಈ ಗಾಳಿಯು ಕಾಯಿಪಲ್ಯದ ಜಾತಿ ಮತ್ತು ಹೆಚ್ಚುವ ರೀತಿಯನ್ನು ಅನುಸರಿಸಿ ಬದಲಾಗುತ್ತದೆ. ಟೊಮೆಟೊ ರಸಬಿಟ್ಟು ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಗಾಳಿಗೆ ಎಡೆ ಕಡಿಮೆ. ಎಲೆಕೋಸಿನ ಎಳೆಗಳು ಬಾಗಿಕೊಂಡು ಒಂದರ ಮೇಲೊಂದು ಎತ್ತಿ ನಿಲ್ಲುವುದರಿಂದ ಗಾಳಿ ಹೆಚ್ಚು. ಬದನೆಕಾಯಿಯಲ್ಲಿ ಇನ್ನೊಂದು ವಿಶೇಷವಿದೆ. ಅದರ ತಿರುಳಿನ ಒಳಗೇ ಗಾಳಿ ತುಂಬಿದೆ. ಹೆಚ್ಚಿ ನೀರಿಗೆ ಹಾಕಿದ ಬದನೆಕಾಯಿ ತೇಲುವುದೂ ಬಟಾಟೆ ಮುಳುಗುವುದೂ ಈ ಕಾರಣದಿಂದಲೇ.

ಸೊಪ್ಪಿನಲ್ಲಿ ಮೋಸಹೋಗುವುದು ಇನ್ನೂ ಸುಲಭ. ಲೋಟಕ್ಕೆ ಸಡಿಲವಾಗಿ ಹಾಕಿದಾಗ ಬರುವ ತೂಕಕ್ಕೂ ಅಂಗೈಯಿಂದ ಒತ್ತಿ ತುಂಬಿದಾಗ ಬರುವ ತೂಕಕ್ಕೂ ಎರಡರಷ್ಟು ಅಂತರವಾಗಬಹುದು. ಆದುದರಿಂದ ಒತ್ತುವುದಾದರೆ ಯಾವಾಗಲೂ ಒತ್ತಿರಿ, ಸಡಿಲ ಬಿಡುವುದಾದರೆ ಯಾವಾಗಲೂ ಸಡಿಲ ಬಿಡಿರಿ. ಈ ಪಟ್ಟಿಯು ಸಡಿಲ ತುಂಬಿದ ಸೊಪ್ಪಿಗೆ ಸಂಬಂಧಿಸಿದುದು.

ಪಟ್ಟಿಯನ್ನು ನೀವೇ ತಯಾರಿಸಿರಿ

ಪಟ್ಟಿಯಲ್ಲಿಲ್ಲದ ಕಾಯಿಪಲ್ಯಗಳು ನಮ್ಮಲ್ಲಿ ಎಷ್ಟೋ ಇವೆ. ಹೀರೇಕಾಯಿ, ಚವಳಿಕಾಯಿ, ತೊಂಡೆಕಾಯಿ, ಮೆಂತೆ, ಪುಂಡಿ, ರಾಜಗಿರಿ, ಹುಣಸೀಕದಂಥ ಸೊಪ್ಪುಗಳು ಇತ್ಯಾದಿ. ಇವುಗಳ ತೂಕವನ್ನು ತಿಳಿಯಲು ಮನೆಯಲ್ಲಿ ತಕ್ಕಡಿ ಇರಬೇಕೆಂದಿಲ್ಲ. ಅಂಗಡಿಯವನ ತಕ್ಕಡಿಯೇ ಸಾಕು.

ಬೆಳಗಾವಿ ಪೇಟೆಯಿಂದ ಅರ್ಧ ಕಿಲೋ ಎಲೆಕೋಸನ್ನು ತಂದಿರೆಂದು ಇಟ್ಟುಕೊಳ್ಳಿ. ಮೇಲಿನ ಒರಟು ಎಲೆಗಳನ್ನೂ ಒಳಗಿನ ಬಿರುಸಾದ ದಂಟನ್ನೂ ತೆಗೆದಾಗ ಸುಮಾರು 50 ಗ್ರಾಂ ಹೋಗುತ್ತದೆ. ಉಳಿದದ್ದು 450 ಗ್ರಾಂ. ಅದನ್ನು ಹೆಚ್ಚಿ ಲೋಟದಿಂದ ಅಳೆದಾಗ 6 ಲೋಟವಾಯಿತು. 450ನ್ನು 6ರಿಂದ ಭಾಗಿಸಿದರೆ 75. ಅಂದರೆ ನಿಮ್ಮ ಲೋಟಕ್ಕೆ, ನಿಮ್ಮ ಕೈಯ ಹೆಚ್ಚುವಿಕೆಗೆ, ಎಲೆಕೋಸು 75 ಗ್ರಾಂ. ಒಂದು ಸಲ ಕಂಡುಹಿಡಿದ ಈ ಅಂಕಿಯು ಬಹುಕಾಲ ಉಪಯೋಗಕ್ಕೆ ಬರುತ್ತದೆ. ದಿನಕ್ಕೊಂದು ಕಾಯಿಪಲ್ಯದಂತೆ ಪರೀಕ್ಷಿಸಿದರೆ ಹದಿನೈದು ದಿನಗಳಲ್ಲಿ ನಿಮ್ಮ ಮನೆಯ ಪಟ್ಟಿ ಪೂರ್ಣವಾಗುತ್ತದೆ.

ತೆಗೆದುಹಾಕಿದ ಭಾಗದ ತೂಕವನ್ನು ತಿಳಿಯುವುದಕ್ಕೂ ಉಪಾಯವಿದೆ. ಒಂದು ನೇರವಾದ ಕೋಲಿನ ನಡುವೆ ದಾರ ಕಟ್ಟಿ ತೂಗುಹಾಕಿರಿ. ಎರಡು ತುದಿಗಳಿಗೂ ಒಂದೇ ಬಗೆಯ ಹಗುರ ಬುಟ್ಟಿಗಳನ್ನು ಕಟ್ಟಿ, ಎರಡರಲ್ಲೂ ಒಂದೊಂದು ಖಾಲಿ ಲೋಟವಿಟ್ಟು ಕೋಲು ಸಮನಾಗುವಂತೆ ಮಾಡಿರಿ. ಒಂದು ಕಡೆಗೆ ಸಿಪ್ಪೆಯನ್ನು ಹಾಕಿ, ಇನ್ನೊಂದು ಕಡೆಯ ಲೋಟಕ್ಕೆ ಕೋಲು ಸಮನಾಗುವವರೆಗೆ ನೀರು ಹಾಕಿರಿ. ಕಾಲು ಲೋಟ ನೀರು ಹಿಡಿದರೆ ಸಿಪ್ಪೆ 50 ಗ್ರಾಂ, ಅರ್ಧ ಲೋಟ ಹಿಡಿದರೆ 100 ಗ್ರಾಂ. ನೀರೇ ಇಲ್ಲಿ ತೂಕದ ಕಲ್ಲು. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಈ ಕೆಲಸವನ್ನು ಅವರಿಗೆ ಒಪ್ಪಿಸಿರಿ; ಸಂತೋಷದಿಂದ ಮಾಡುತ್ತಾರೆ.

ಕೆಲವು ಕಾಯಿಪಲ್ಯಗಳಲ್ಲಿ ತೆಗೆದುಹಾಕುವ ಭಾಗವೇ ಹೆಚ್ಚು. ಹಸಿ ಬಟಾಣಿಯಲ್ಲಿ ಸುಮಾರು ಅರ್ಧ ತೂಕ ಸಿಪ್ಪೆಗೆ ಹೋಗುತ್ತದೆ. ಮೆಂತೆಯ ಪೆಂಡಿಯಲ್ಲಿ ಬೇರು ಮತ್ತು ದಂಟುಗಳನ್ನು ತೆಗೆದರೆ ಉಳಿಯುವುದು ಹೆಚ್ಚುಕಡಿಮೆ ಅರ್ಧವೇ. ಆದ್ದರಿಂದ 100 ಗ್ರಾಂ ಮೆಂತೆ ಸೊಪ್ಪು ಬೇಕಾದರೆ 200 ಗ್ರಾಂ ತೂಗುವ ಪೆಂಡಿಯನ್ನು ತರಬೇಕಾಗುತ್ತದೆ. ಎಳೆಯ ದಂಟುಗಳನ್ನು ಎಸೆಯದೆ ಸಣ್ಣಗೆ ಹೆಚ್ಚಿ ಸೇರಿಸಿದರೆ ಹಣವೂ ಉಳಿಯುತ್ತದೆ, ಸತ್ವವೂ ದೊರೆಯುತ್ತದೆ.

ಒಬ್ಬಳ ಒಂದು ದಿನದ ಪಾಲು

ಈಗ 400 ಗ್ರಾಂ ಎಂಬುದನ್ನು ಲೋಟಕ್ಕೆ ಇಳಿಸಿ ನೋಡೋಣ. ಹಸಿ ಸೊಪ್ಪು ಸಡಿಲವಾಗಿ 4 ಲೋಟ (100 ಗ್ರಾಂ), ಬದನೆಕಾಯಿ ಒಂದೂವರೆ ಲೋಟ (105 ಗ್ರಾಂ), ಬೀನ್ಸ್ 1 ಲೋಟ (85 ಗ್ರಾಂ), ಟೊಮೆಟೊ ಅರ್ಧ ಲೋಟ (75 ಗ್ರಾಂ), ಪಚಡಿಗೆ ತುರಿದ ಗಜ್ಜರಿ ಅರ್ಧ ಲೋಟ (45 ಗ್ರಾಂ). ಒಟ್ಟು 410 ಗ್ರಾಂ. ಇದನ್ನು ಎರಡು ಹೊತ್ತಿಗೆ ಹಂಚಿಕೊಂಡರೆ ಭಾರವಾಗುವುದಿಲ್ಲ. ಮೊದಲ ದಿನವೇ ಅಷ್ಟನ್ನೂ ಒದಗಿಸಲಾಗದ ಮನೆಯವರು 100 ಗ್ರಾಂ ಸೊಪ್ಪಿನಿಂದ ಆರಂಭಿಸಿ, ವಾರದಿಂದ ವಾರಕ್ಕೆ ಉಳಿದುದನ್ನು ಹೆಚ್ಚಿಸುತ್ತ ಹೋಗಲಿ.

ಬಟಾಟೆ ಮತ್ತು ಗೆಣಸುಗಳ ವಿಷಯದಲ್ಲಿ ಒಂದು ಮಾತು. ಬೆಳಗಾವಿ, ಖಾನಾಪುರ ತಾಲೂಕುಗಳಲ್ಲಿ ಗೆಣಸು ಚೆನ್ನಾಗಿ ಬೆಳೆಯುತ್ತದೆ. ಅದು ಒಳ್ಳೆಯ ಆಹಾರವೇ ಸರಿ. ಆದರೆ ಗಡ್ಡೆಗಳಲ್ಲಿ ಪಿಷ್ಟವೇ ಪ್ರಧಾನ. ಅವು ರೊಟ್ಟಿ, ಅನ್ನಗಳ ಬಳಗಕ್ಕೆ ಸೇರಿದವು. ಬಟಾಟೆ ಪಲ್ಯವೊಂದನ್ನೇ ಮಾಡಿ, ತರಕಾರಿ ತಿಂದೆವೆಂದು ಲೆಕ್ಕ ಹಿಡಿಯಬಾರದು.

ಬೆಂದ ಮೇಲೆ ಲೆಕ್ಕ ಹೇಗೆ?

ಬುಟ್ಟಿಯ ತುಂಬ ಕಾಣುವ ಸೊಪ್ಪು ಒಲೆಯ ಮೇಲೆ ಇಟ್ಟ ಸ್ವಲ್ಪ ಹೊತ್ತಿನಲ್ಲಿಯೇ ಪಾತ್ರೆಯ ತಳಕ್ಕೆ ಇಳಿಯುತ್ತದೆ. 4 ಲೋಟ ಹಸಿ ಪಾಲಕ ಬೆಂದಾಗ ಸುಮಾರು ಅರ್ಧ ಲೋಟವಷ್ಟೇ ಆಗುತ್ತದೆ. ಗಾಳಿ ಹೋಯಿತು, ಸ್ವಲ್ಪ ನೀರೂ ಹೋಯಿತು. ಕಬ್ಬಿಣದ ಅಂಶವು ಎಲ್ಲಿಯೂ ಹೋಗಲಿಲ್ಲ. ಹಸಿಯಾಗಿದ್ದಾಗ ಕಂಡ ರಾಶಿಯನ್ನು ನೋಡಿ ಮನೆಮಂದಿಗೆಲ್ಲ ಸಾಕೆಂದು ತಿಳಿಯುವುದು ಒಂದು ತಪ್ಪು. ಬೆಂದ ಮೇಲೆ ಕಂಡ ಚೂರನ್ನು ನೋಡಿ ಇದರಿಂದೇನಾದೀತು ಎಂದು ಕಡೆಗಣಿಸುವುದು ಇನ್ನೊಂದು ತಪ್ಪು.

ಬೆಂದುದನ್ನು ಸೌಟಿನಿಂದ ಎಣಿಸುವುದೇ ಸರಿಯಾದ ಕ್ರಮ. ಅತ್ತೆ, ಮಾವ, ಪತಿ, ಗರ್ಭಿಣಿ ಪತ್ನಿ ಮತ್ತು ಮೂರು ವರ್ಷದ ಮಗು, ಹೀಗೆ ಐವರಿರುವ ಮನೆಯಲ್ಲಿ ಸೋಸಿದ 400 ಗ್ರಾಂ ಸೊಪ್ಪನ್ನು ಬೇಳೆಯೊಂದಿಗೆ ಬೇಯಿಸಿದರೆನ್ನೋಣ. ಬೆಂದ ಪಲ್ಯವನ್ನು ಬೇರೆ ಪಾತ್ರೆಗೆ ಹಾಕುತ್ತ ಎಣಿಸಿದಾಗ 12 ಸೌಟು ಆಯಿತು. 400ನ್ನು 12ರಿಂದ ಭಾಗಿಸಿದರೆ ಸೌಟೊಂದಕ್ಕೆ ಸುಮಾರು 33 ಗ್ರಾಂ ಹಸಿ ಸೊಪ್ಪು ಬಂದಂತಾಯಿತು. ಗರ್ಭಿಣಿಗೆ 100 ಗ್ರಾಂ ಸಲ್ಲಬೇಕಾದರೆ ಅವಳ ಪಾಲು 3 ಸೌಟು. ಉಳಿದ 9 ಸೌಟು ನಾಲ್ವರಿಗೆ.

ಆದರೆ ಅನೇಕ ಮನೆಗಳಲ್ಲಿ ನಡೆಯುವುದೇನು? ಗಂಡಸರು ಉಣ್ಣುತ್ತಾರೆ, ಮಕ್ಕಳು ಉಣ್ಣುತ್ತಾರೆ, ಹಿರಿಯರು ಉಣ್ಣುತ್ತಾರೆ. ಅಡಿಗೆ ಮಾಡಿದವಳು ಕೊನೆಯಲ್ಲಿ ಉಣ್ಣುತ್ತಾಳೆ. ಅಷ್ಟರಲ್ಲಿ ಪಾತ್ರೆಯಲ್ಲಿ ಒಂದು ಸೌಟು ಪಲ್ಯ ಉಳಿದಿದ್ದರೆ ಅದು 33 ಗ್ರಾಂ. ಬೇಕಾದುದರ ಮೂರನೆಯ ಒಂದು ಪಾಲು. ಉಳಿದಿಲ್ಲವಾದರೆ ರೊಟ್ಟಿಗೆ ಖಾರದ ಹಿಂಡಿಯೇ ಗತಿ. ಇಲ್ಲಿ ಯಾರೂ ಯಾರಿಗೂ ಕೇಡು ಬಗೆದವರಲ್ಲ. ಸೊಪ್ಪನ್ನು ತಂದವನು 100 ಗ್ರಾಮಿಗೆ ಸಾಕಾಗುವಷ್ಟನ್ನೇ ತಂದಿದ್ದಾನೆ. ಬೇಯಿಸಿದವಳು ಚೆನ್ನಾಗಿಯೇ ಬೇಯಿಸಿದ್ದಾಳೆ. ಎಣಿಸದೆ ಬಡಿಸಿದ್ದರಿಂದ ಕೊರತೆಯು ಯಾರ ಕಣ್ಣಿಗೂ ಬೀಳಲಿಲ್ಲ, ಅಷ್ಟೆ. ಅಂಗನವಾಡಿಯಲ್ಲಿ ಮಗುವಿನ ಬೆಳವಣಿಗೆಯನ್ನು ಕಣ್ಣಂದಾಜಿನಿಂದ ಹೇಳದೆ ತೂಗಿಯೇ ನೋಡುತ್ತಾರಲ್ಲವೆ? ತಾಯಿಯ ಊಟಕ್ಕೂ ಅದೇ ನ್ಯಾಯ ಸಲ್ಲಬೇಕು.

ಆದುದರಿಂದ ಬಡಿಸುವುದಕ್ಕೆ ಮುಂಚೆಯೇ ಅವಳ 3 ಸೌಟನ್ನು ತೆಗೆದು ಮುಚ್ಚಿಡತಕ್ಕದ್ದು. ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವ ಪದ್ಧತಿಯನ್ನು ರೂಢಿಸಿಕೊಂಡರೆ ಇನ್ನೂ ಉತ್ತಮ. ಈ ವಿಷಯದಲ್ಲಿ ಸೊಸೆಯು ತಾನೇ ಬಾಯಿಬಿಟ್ಟು ಕೇಳುವುದು ಕಷ್ಟ. "ಅವ್ವಾ, ಡಾಕ್ಟರು ಹೇಳಿದ ಪಾಲು ಇದು, ಮೊದಲು ತೆಗೆದಿಡೋಣ" ಎಂದು ಪತಿಯು ತನ್ನ ತಾಯಿಗೆ ಹೇಳಿದರೆ ಮಾತು ಸುಲಭವಾಗಿ ನಡೆಯುತ್ತದೆ. ಮನೆಯ ಹಿರಿಯಳು ತಾನೇ ಎಣಿಸಿ ತೆಗೆದಿಡುವಂತಾದರೆ ಮುಂದೆ ಹೇಳಬೇಕಾದ ಅಗತ್ಯವೇ ಬೀಳುವುದಿಲ್ಲ.

ಪೇಟೆಯಲ್ಲಿ ಪತಿಯು ಗಮನಿಸಬೇಕಾದದ್ದು

ಬೆಳಗಾವಿ ನಗರದ ಸುತ್ತಲಿನ ಹೊಲಗಳಲ್ಲಿ ಕಾಯಿಪಲ್ಯ ಸಮೃದ್ಧವಾಗಿ ಬೆಳೆಯುತ್ತದೆ. ಅಲ್ಲಿಂದ ಗೋವೆಗೂ ಹೋಗುತ್ತದೆ. ನಗರದ ಅಂಗಡಿಗಳಲ್ಲಿ ಹೆಚ್ಚಿನದೆಲ್ಲವೂ ಕಿಲೋ ಲೆಕ್ಕದಲ್ಲಿ ದೊರೆಯುತ್ತದೆ. ಹಳ್ಳಿಯ ಸಂತೆಗಳಲ್ಲಿ ಸೊಪ್ಪನ್ನು ಪೆಂಡಿಯ ಲೆಕ್ಕದಲ್ಲಿ, ಕಾಯಿಗಳನ್ನು ಗುಪ್ಪೆಯ ಲೆಕ್ಕದಲ್ಲಿ ಮಾರುವುದುಂಟು. ಪೆಂಡಿಯ ಬೆಲೆ ಅದೇ ಇದ್ದರೂ ಅದರ ಗಾತ್ರವು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ತಿಂಗಳಿಗೊಮ್ಮೆಯಾದರೂ ಪೆಂಡಿಯನ್ನು ತಕ್ಕಡಿಯಲ್ಲಿ ಇಡಿಸಿ ನೋಡಿರಿ. ನೀರು ಚಿಮುಕಿಸಿದ ಸೊಪ್ಪು ಹೆಚ್ಚು ತೂಗುತ್ತದೆ, ಕೊಡವಿ ತೂಗಿಸಿಕೊಳ್ಳಿರಿ. 2009ರ ಕಾನೂನು ಮಾಪನಶಾಸ್ತ್ರ ಕಾಯಿದೆಯಂತೆ ವ್ಯಾಪಾರಿಯ ತಕ್ಕಡಿ ಮತ್ತು ತೂಕದ ಕಲ್ಲುಗಳು ಪರಿಶೀಲನೆಯಾಗಿ ಮುದ್ರೆ ಪಡೆದಿರಬೇಕು. ಹಾದಿಯ ಕಲ್ಲನ್ನು ತಟ್ಟೆಯಲ್ಲಿಟ್ಟು ತೂಗುವುದು ಕಾನೂನಿಗೆ ವಿರುದ್ಧ.

ಮಳೆಗಾಲದ ತೊಂದರೆ

ಮಲಪ್ರಭೆಯು ಹುಟ್ಟುವ ಕಣಕುಂಬಿಯ ಸುತ್ತಮುತ್ತಲೂ ಖಾನಾಪುರ ತಾಲೂಕಿನ ಕಾಡಂಚಿನ ಊರುಗಳಲ್ಲಿಯೂ ಮಳೆ ಬಹಳ. ಆ ತಿಂಗಳುಗಳಲ್ಲಿ ಪೇಟೆಗೆ ಹೋಗಿಬರುವುದೇ ಕಷ್ಟ. ಇಂಥ ಊರಿನವರು ಮಳೆಗೆ ಮುಂಚೆಯೇ ಮನೆಯ ಹಿತ್ತಿಲಲ್ಲಿ ನುಗ್ಗೆಯ ಗಿಡವನ್ನೂ ಬಸಳೆಯ ಬಳ್ಳಿಯನ್ನೂ ನೆಟ್ಟುಕೊಳ್ಳುವುದು ಲೇಸು. ತಗಚೆ, ಕೆಸವಿನ ಎಲೆ, ಬಿದಿರಿನ ಕಳಲೆಗಳು ಆ ಕಾಲದಲ್ಲಿ ತಾವಾಗಿಯೇ ದೊರೆಯುತ್ತವೆ. ಕಳಲೆಯನ್ನು ಹೆಚ್ಚಿ, ನೆನೆಸಿ, ಕುದಿಸಿ, ಆ ನೀರನ್ನು ಚೆಲ್ಲಿದ ನಂತರವೇ ಬಳಸತಕ್ಕದ್ದು. ಹಿರಿಯರಿಗೆ ಪರಿಚಯವಿಲ್ಲದ ಯಾವ ಸೊಪ್ಪನ್ನೂ ತಿನ್ನಬಾರದು. ಕಾಡಿನ ಸೊಪ್ಪಿಗೆ ಅಂಗಡಿಯ ತಕ್ಕಡಿ ಇಲ್ಲವಾದುದರಿಂದ ಮೇಲೆ ಹೇಳಿದ ಕೋಲಿನ ತಕ್ಕಡಿ ಮತ್ತು ನೀರಿನ ತೂಕವು ಅಲ್ಲಿ ವಿಶೇಷವಾಗಿ ಉಪಯೋಗಕ್ಕೆ ಬರುತ್ತದೆ.

ಇನ್ನೂ ಕೆಲವು ಸೂಚನೆಗಳು

ಕಾಯಿಪಲ್ಯವನ್ನು ತೊಳೆದ ನಂತರ ಹೆಚ್ಚಬೇಕು. ಹೆಚ್ಚಿದ ನಂತರ ತೊಳೆದರೆ ಸತ್ವವು ನೀರಿನ ಪಾಲಾಗುತ್ತದೆ. ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೆ ಸೇರಿಸಿರಿ. ಸೊಪ್ಪಿನ ಕಬ್ಬಿಣವು ದೇಹಕ್ಕೆ ಚೆನ್ನಾಗಿ ಹತ್ತಬೇಕಾದರೆ ಊಟದಲ್ಲಿ ಲಿಂಬೆಹಣ್ಣಿನ ರಸವಿರಲಿ; ಊಟದ ಜೊತೆಗೂ ಊಟವಾದ ಕೂಡಲೆಯೂ ಚಹಾ ಬೇಡ. ಸೊಪ್ಪು ತಿನ್ನುತ್ತೇನೆಂದು ಕಬ್ಬಿಣದ ಮಾತ್ರೆಯನ್ನು ಬಿಡಬಾರದು. ಗರ್ಭಿಣಿಯು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ಮಾತ್ರೆಗಳನ್ನೂ ಹೆರಿಗೆಯ ನಂತರ ಮತ್ತೆ 180 ಮಾತ್ರೆಗಳನ್ನೂ ನುಂಗತಕ್ಕದ್ದು. ಇವು ಆಶಾ ಕಾರ್ಯಕರ್ತೆ ಮತ್ತು ಆರೋಗ್ಯ ಕೇಂದ್ರದ ಮೂಲಕ ಉಚಿತವಾಗಿ ದೊರೆಯುತ್ತವೆ.

ನೆನಪಿಡಿರಿ

ಒಂದು ಲೋಟವನ್ನು ಅಳತೆಗೆ ಮೀಸಲಿಡಿರಿ. ಅದು ಎಷ್ಟು ನೀರು ಹಿಡಿಯುತ್ತದೆಂದು ತಿಳಿಯಿರಿ.
ತಂದ ತೂಕದಿಂದ ಸಿಪ್ಪೆಯ ತೂಕವನ್ನು ಕಳೆದು, ಲೋಟಗಳ ಸಂಖ್ಯೆಯಿಂದ ಭಾಗಿಸಿರಿ.
100 ಗ್ರಾಂ ಹಸಿ ಸೊಪ್ಪು ಎಂದರೆ ಸಡಿಲವಾಗಿ 4 ಲೋಟ, ಬೆಂದಾಗ ಸುಮಾರು ಅರ್ಧ ಲೋಟ.
ಬೆಂದ ಪಲ್ಯವನ್ನು ಸೌಟಿನಿಂದ ಎಣಿಸಿ, ಗರ್ಭಿಣಿಯ ಪಾಲನ್ನು ಮೊದಲು ತೆಗೆದಿಡಿರಿ.

ಅಭ್ಯಾಸ

1. ಅರ್ಧ ಕಿಲೋ ಬೀನ್ಸ್ ತಂದಿರಿ. ತುದಿ, ನಾರು ತೆಗೆದಾಗ 40 ಗ್ರಾಂ ಹೋಯಿತು. 200 ಮಿಲಿಲೀಟರಿನ ಲೋಟದಿಂದ ಎಷ್ಟು ಲೋಟವಾದೀತು?
2. ನಿಮ್ಮ ಲೋಟ 250 ಮಿಲಿಲೀಟರಿನದು. ಅದರ ತುಂಬ ಹೆಚ್ಚಿದ ಬದನೆಕಾಯಿ ಎಷ್ಟು ತೂಗುತ್ತದೆ?
3. ಸೋಸಿದ 300 ಗ್ರಾಂ ಸೊಪ್ಪಿನ ಪಲ್ಯ 10 ಸೌಟು ಆಯಿತು. ಗರ್ಭಿಣಿಗೆ ಎಷ್ಟು ಸೌಟು ತೆಗೆದಿಡಬೇಕು?

ಉತ್ತರಗಳು: 1. ಸುಮಾರು ಐದೂವರೆ ಲೋಟ. 2. ಸುಮಾರು 88 ಗ್ರಾಂ. 3. ಮೂರು ಸೌಟಿಗಿಂತ ಸ್ವಲ್ಪ ಹೆಚ್ಚು.

ಈ ಪ್ರಶ್ನೆಗಳನ್ನು ಪತಿಪತ್ನಿಯರಿಬ್ಬರೂ ಒಟ್ಟಿಗೆ ಕುಳಿತು ಬಿಡಿಸಿರಿ. ನಾಳೆಯ ಅಡಿಗೆಯಲ್ಲಿ ಒಂದು ಕಾಯಿಪಲ್ಯವನ್ನಾದರೂ ಅಳೆದು ನೋಡಿ, ಅದರ ಅಂಕಿಯನ್ನು ಗೋಡೆಯ ಮೇಲಿನ ಪಟ್ಟಿಗೆ ಸೇರಿಸಿರಿ.